ಮೊದಲು ಗಾಳಿ ಇಳಿಸೋದು ಕಲಿಯಿರಿ, ಲಿಫ್ಟ್ ಆಮೇಲೆ ನೋಡೋಣ

ಪ್ರಶ್ನೆ: ನಾನು ರಾಜಾಜಿನಗರದವನು, ಐಟಿ ಕೆಲಸ. ಮನೆಯಲ್ಲಿ ಹೆಂಡತಿ, ಆರು ವರ್ಷದ ಮಗಳು. ಫೋರ್ ಬೈ ಫೋರ್ ಗಾಡಿ ತಗೋಬೇಕು ಅಂತ ಎರಡು ವರ್ಷದಿಂದ ಆಸೆ. ಥಾರ್, ಜಿಮ್ನಿ, ಗೂರ್ಖಾ ಮೂರನ್ನೂ ನೋಡಿದ್ದೇನೆ. ತಿಂಗಳಿಗೊಮ್ಮೆ ಸಕಲೇಶಪುರದ ಹತ್ತಿರ ಭಾವನ ಕಾಫಿ ತೋಟಕ್ಕೆ ಹೋಗುತ್ತೇವೆ, ಮಿಕ್ಕ ದಿನ ಊರೊಳಗೇ ಓಡಾಟ. ಯಾವಾಗಲಾದರೂ ಹಿಮಾಚಲದ ಸ್ಪಿತಿಗೆ ಹೋಗುವ ಕನಸಿದೆ. ಗೆಳೆಯ ಒಂದು ಪಟ್ಟಿ ಕೊಟ್ಟಿದ್ದಾನೆ: ಎರಡು ಇಂಚು ಲಿಫ್ಟ್ (ಅಂದರೆ ಗಾಡಿ ಎತ್ತರಿಸೋದು), 33 ಇಂಚಿನ ಮಡ್ ಟೈರ್, ಸ್ಟೀಲ್ ಬಂಪರ್, ವಿಂಚ್ (ಹೂತ ಗಾಡಿ ಎಳೆಯುವ ಮೋಟಾರು ರಾಟೆ), ಸ್ನಾರ್ಕೆಲ್ (ಎಂಜಿನ್‌ಗೆ ಮೇಲಿನಿಂದ ಗಾಳಿ ತರುವ ಕೊಳವೆ), ಲೈಟ್ ಬಾರ್. ಎಲ್ಲಾ ಸೇರಿ ನಾಲ್ಕು ಲಕ್ಷ ಆಗುತ್ತಂತೆ. ಗಾಡಿ ಬಂದ ವಾರವೇ ಹಾಕಿಸಿಬಿಡಲಾ?

ಉತ್ತರ: ಬೇಡ. ಆ ಪಟ್ಟಿಯನ್ನು ಮಡಚಿ ಡ್ಯಾಶ್‌ಬೋರ್ಡ್ ಒಳಗೆ ಇಡಿ, ಒಂದು ಮಳೆಗಾಲ ಕಳೆದ ಮೇಲೆ ತೆಗೆದು ನೋಡಿ. ಅದರಲ್ಲಿ ಅರ್ಧ ನಿಮಗೇ ನಗು ತರಿಸುತ್ತದೆ, ನಾನು ಗ್ಯಾರಂಟಿ ಕೊಡುತ್ತೇನೆ. ನಿಮ್ಮ ಗೆಳೆಯರ ಮೇಲೆ ಕೋಪ ಇಲ್ಲ, ಇಪ್ಪತ್ತು ವರ್ಷದ ಹಿಂದೆ ನನ್ನ ಜೇಬಲ್ಲೂ ಇಂಥದ್ದೇ ಒಂದು ಪಟ್ಟಿ ಇತ್ತು, ಅದರ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಗಾಡಿ ಆರಿಸೋಣ. ಶೋರೂಮಿನಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಬಣ್ಣದ್ದೂ ಅಲ್ಲ, ಟಚ್ ಸ್ಕ್ರೀನಿನದ್ದೂ ಅಲ್ಲ. ಇದರಲ್ಲಿ ಲೋ ರೇಂಜ್ ಇದೆಯಾ ಅಂತ ಕೇಳಿ. ಅಂದರೆ ಮಾಮೂಲಿ ಗೇರ್ ಜೊತೆಗೆ ಇನ್ನೊಂದು ಚಿಕ್ಕ ಲಿವರ್ ಅಥವಾ ಸ್ವಿಚ್, ಅದರಲ್ಲಿ ಫೋರ್ ಹೈ (ಫೋರ್ ಬೈ ಫೋರ್, ಮಾಮೂಲಿ ಗೇರಿಂಗ್), ಫೋರ್ ಲೋ (ಫೋರ್ ಬೈ ಫೋರ್, ನಿಧಾನದ ಗೇರಿಂಗ್) ಎರಡೂ ಇರಬೇಕು. ಈಗ 'ಎಸ್‌ಯುವಿ' ಅಂತ ಮಾರುವ ಗಾಡಿಗಳಲ್ಲಿ ಬಹಳಷ್ಟು ಮುಂದಿನ ಚಕ್ರ ಮಾತ್ರ ಎಳೆಯುವ ಕಾರುಗಳು, ಸ್ವಲ್ಪ ಎತ್ತರ ಅಷ್ಟೇ. ಆಲ್ ವೀಲ್ ಡ್ರೈವ್ ಅಂತ ಬರೆದಿದ್ದರೂ ಲೋ ರೇಂಜ್ ಇಲ್ಲದ್ದು ಇರುತ್ತದೆ. ಥಾರ್‌ನಲ್ಲೂ ಎಚ್ಚರ ಬೇಕು. 2023ರಿಂದ ಹಿಂದಿನ ಎರಡೇ ಚಕ್ರ ಎಳೆಯುವ ಥಾರ್ ಕೂಡ ಬರುತ್ತಿದೆ, ಹೊರಗಿನಿಂದ ನೋಡಿದರೆ ಹೆಚ್ಚು ಕಡಿಮೆ ಒಂದೇ. ಬೆಲೆ ಕಡಿಮೆ ಅಂತ ಬುಕ್ ಮಾಡಿ, ಆಮೇಲೆ ತೋಟದ ಏರಿನಲ್ಲಿ ಲಿವರ್ ಹುಡುಕಿದವರನ್ನು ನಾನೇ ಕಂಡಿದ್ದೇನೆ. ಐದು ಬಾಗಿಲ ಥಾರ್, ಅಂದರೆ ರಾಕ್ಸ್ ಬೇಕು ಅಂದರೆ, ಅದರಲ್ಲಿ ಫೋರ್ ಬೈ ಫೋರ್ ಬಂದಿದ್ದು ಡೀಸೆಲ್ ಎಂಜಿನ್ ಜೊತೆ ಮಾತ್ರ.

ಲೋ ರೇಂಜ್ ಯಾಕೆ ಅಷ್ಟು ಮುಖ್ಯ? ಥಾರ್‌ನಲ್ಲಿ ಅದರ ಅನುಪಾತ ಸುಮಾರು 2.48, ಜಿಮ್ನಿಯಲ್ಲಿ ಸುಮಾರು 2. ಅಂದರೆ ಫೋರ್ ಲೋದಲ್ಲಿ ಚಕ್ರಕ್ಕೆ ಸಿಗುವ ಎಳೆತ ಎರಡು ಎರಡೂವರೆ ಪಟ್ಟು, ವೇಗ ಅಷ್ಟೇ ಪಟ್ಟು ಕಡಿಮೆ. ಕೆಸರಿನ ಏರಿನಲ್ಲಿ ಕ್ಲಚ್ ಸುಡದೆ, ಆಕ್ಸಿಲರೇಟರ್ ಒತ್ತದೆ, ನಡೆದು ಹೋಗುವ ವೇಗದಲ್ಲಿ ಗಾಡಿ ಹತ್ತುತ್ತದೆ. ಇಳಿಜಾರಿನಲ್ಲಿ ಫಸ್ಟ್ ಗೇರ್‌ಗೆ ಹಾಕಿ ಕಾಲು ತೆಗೆದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಒತ್ತಿ ಜಾರುವ ಭಯ ಇಲ್ಲ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪ್‌ಗಳನ್ನು ನೋಡಿದ್ದೀರಾ? ಸ್ನಾರ್ಕೆಲ್ ಇಲ್ಲ, ವಿಂಚ್ ಇಲ್ಲ, ಎಷ್ಟೋ ಜೀಪ್‌ಗೆ ಬಾಗಿಲೂ ಸರಿಯಾಗಿ ಕೂರುವುದಿಲ್ಲ. ಆದರೂ ಎಂಟು ಜನ ಕೂರಿಸಿಕೊಂಡು ದಿನಕ್ಕೆ ಎರಡು ಮೂರು ಸಲ ಹತ್ತಿ ಇಳಿಯುತ್ತಾರೆ. ಅವರ ಹತ್ತಿರ ಇರುವುದು ಲೋ ಗೇರ್, ಕಮಾನು ಪಟ್ಟಿ, ಮತ್ತೆ ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕು ಅನ್ನುವ ಲೆಕ್ಕ.

ಈಗ ನಿಮ್ಮ ಮೂರು ಗಾಡಿ.

ಗೂರ್ಖಾ ಒಳ್ಳೆ ಗಾಡಿ. ಮುಂದೆ ಹಿಂದೆ ಎರಡೂ ಡಿಫ್ ಲಾಕ್ (ಎಡ ಬಲ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ವ್ಯವಸ್ಥೆ) ಕಂಪನಿಯಿಂದಲೇ ಬರುತ್ತದೆ, ಸ್ನಾರ್ಕೆಲ್ ಕೂಡ. ಬರೀ ಆಫ್‌ರೋಡ್ ಅಂದಿದ್ದರೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಆದರೆ ನೀವು ವಾರಕ್ಕೆ ಐದು ದಿನ ಔಟರ್ ರಿಂಗ್ ರೋಡಿನಲ್ಲಿ ಅದನ್ನು ಓಡಿಸಬೇಕು. ಎತ್ತರ ಬೇರೆ ಸುಮಾರು 2.1 ಮೀಟರ್. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಆಫೀಸಿನ ಪಾರ್ಕಿಂಗ್, ನೀವು ಹೋಗುವ ಮಾಲ್, ಈ ಮೂರು ಕಡೆ ತೊಲೆ ಎಷ್ಟು ಎತ್ತರ ಇದೆ ಅಂತ ಟೇಪ್ ಹಿಡಿದು ಅಳೆದು ಆಮೇಲೆ ಮಾತಾಡಿ. ತಮಾಷೆ ಮಾಡುತ್ತಿಲ್ಲ.

ಜಿಮ್ನಿ ಸುಮಾರು 1,200 ಕೆಜಿ ತೂಗುತ್ತದೆ. ಥಾರ್ ಅದಕ್ಕಿಂತ ಐನೂರು ಕೆಜಿಗೂ ಜಾಸ್ತಿ. ಮಲೆನಾಡಿನ ಕೆಂಪು ಕೆಸರಿನಲ್ಲಿ ಈ ತೂಕದ ವ್ಯತ್ಯಾಸಕ್ಕೆ ಯಾವ ಕುದುರೆ ಶಕ್ತಿಯೂ ಸಮ ಅಲ್ಲ. ಭಾರದ ಗಾಡಿ ಕುಸಿಯುವ ಜಾಗದಲ್ಲಿ ಹಗುರದ್ದು ತೇಲಿಕೊಂಡು ಹೋಗುತ್ತದೆ. ಲ್ಯಾಡರ್ ಫ್ರೇಮ್ (ಏಣಿ ಆಕಾರದ ಚಾಸಿ), ಮುಂದೆ ಹಿಂದೆ ಎರಡೂ ಗಟ್ಟಿ ಆಕ್ಸಲ್ (ಎರಡು ಚಕ್ರಕ್ಕೂ ಒಂದೇ ಅಚ್ಚು), ತೋಟದ ಕಿರಿದಾದ ತಿರುವಿಗೆ ಹೇಳಿ ಮಾಡಿಸಿದ ಅಗಲ. ಕೊರತೆ ಎಂಜಿನ್‌ನಲ್ಲಿ. ಒಂದೂವರೆ ಲೀಟರ್ ಪೆಟ್ರೋಲ್, 134 ನ್ಯೂಟನ್ ಮೀಟರ್ ಟಾರ್ಕ್. ನಾಲ್ಕು ಜನ, ಲಗೇಜ್, ಏಸಿ ಹಾಕಿಕೊಂಡು ಶಿರಾಡಿ ಘಾಟಿ ಹತ್ತುವಾಗ ನಿಮಗೆ ಅದು ಗೊತ್ತಾಗುತ್ತದೆ.

ಥಾರ್‌ನ ಡೀಸೆಲ್ ಎಂಜಿನ್‌ಗೆ ಆ ಕಷ್ಟ ಇಲ್ಲ. ಗ್ರೌಂಡ್ ಕ್ಲಿಯರೆನ್ಸ್ 226 ಮಿಲಿಮೀಟರ್, ಜಿಮ್ನಿಯದು 210. ನೀರಿನಲ್ಲಿ 650 ಮಿಲಿಮೀಟರ್ ಆಳದವರೆಗೆ ಹೋಗಬಹುದು ಅಂತ ಕಂಪನಿಯೇ ಹೇಳುತ್ತದೆ. ವೀಲ್‌ಬೇಸ್ 2,450 ಮಿಲಿಮೀಟರ್, ಹಾಗಾಗಿ ದಿಬ್ಬದ ಮೇಲೆ ಹೊಟ್ಟೆ ತಾಗುವುದು ಕಡಿಮೆ. ರಾಕ್ಸ್‌ನದು 2,850, ಮನೆಯವರಿಗೆ ಆರಾಮ, ಆದರೆ ದಿಬ್ಬ ಬಂದಾಗ ಆ ನಲವತ್ತು ಸೆಂಟಿಮೀಟರ್ ಲೆಕ್ಕಕ್ಕೆ ಬರುತ್ತದೆ. ಮೂರು ಬಾಗಿಲ ಥಾರ್‌ನ ತೊಂದರೆ ಹಿಂದಿನ ಸೀಟು. ಪ್ರತಿ ಸಲ ಮುಂದಿನ ಸೀಟು ಮಡಚಿ ಮಗಳನ್ನು ಹತ್ತಿಸಬೇಕು. ಹೆಂಡತಿಯನ್ನು ಟೆಸ್ಟ್ ಡ್ರೈವ್‌ಗೆ ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಕೂರಿಸಿ ಮಾಗಡಿ ರೋಡಿನ ಗುಂಡಿಗಳ ಮೇಲೆ ಒಂದು ಸುತ್ತು ಹೊಡೆಯಿರಿ. ಉತ್ತರ ಅಲ್ಲೇ ಸಿಗುತ್ತದೆ.

ನನ್ನನ್ನು ಕೇಳಿದರೆ ನಿಮಗೆ ಜಿಮ್ನಿ ಮ್ಯಾನ್ಯುಯಲ್. ಹೈವೇಯಲ್ಲಿ ನಿಧಾನ ಆದರೂ ಪರವಾಗಿಲ್ಲ ಅನ್ನುವುದಾದರೆ ಮಾತ್ರ. ಇಲ್ಲ, ಬೇಗ ಓಡಿಸುವ ಅಭ್ಯಾಸ ಇದೆ ಅಂದರೆ ಡೀಸೆಲ್ ಥಾರ್. ಹಳೆ ಜಿಪ್ಸಿ ತಗೊಂಡು ರೆಡಿ ಮಾಡಿಸೋಣವಾ ಅಂತ ನೀವು ಕೇಳಿಲ್ಲ, ಕೇಳಬೇಡಿ. ಅದು ಮನೆಯಲ್ಲಿ ಎರಡನೇ ಗಾಡಿ ಇರುವವರ ಹುಚ್ಚು.

ಈಗ ಪಟ್ಟಿಗೆ ಬರೋಣ. ಲಿಫ್ಟ್ ಬಗ್ಗೆ ಜನರಿಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಒಂದಿದೆ. ಎರಡು ಇಂಚು ಲಿಫ್ಟ್ ಮಾಡಿಸಿದರೆ ಗಾಡಿ ಎರಡು ಇಂಚು ಎತ್ತರ ಆಗುತ್ತದೆ, ನಿಜ. ಆದರೆ ಎತ್ತರ ಆಗುವುದು ಬಾಡಿ ಮತ್ತು ಚಾಸಿ. ಆಕ್ಸಲ್ ಮಧ್ಯದಲ್ಲಿ ಕುಂಬಳಕಾಯಿ ಥರ ನೇತಾಡುವ ಡಿಫ್ ಹೌಸಿಂಗ್ (ಎರಡು ಚಕ್ರಕ್ಕೆ ಬಲ ಹಂಚುವ ಗೇರುಗಳ ಡಬ್ಬಿ) ಇದೆಯಲ್ಲ, ಅದು ಇದ್ದಲ್ಲೇ ಇರುತ್ತದೆ. ಒಂದು ಮಿಲಿಮೀಟರ್ ಕೂಡ ಮೇಲೆ ಹೋಗುವುದಿಲ್ಲ. ಅದನ್ನು ಎತ್ತುವುದು ಟೈರ್ ಮಾತ್ರ, ಅದೂ ಟೈರ್ ಎಷ್ಟು ದೊಡ್ಡದಾಯಿತೋ ಅದರ ಅರ್ಧ. ಲೆಕ್ಕ ಹಾಕಿ: ಥಾರ್‌ನ 255/65 ಆರ್ 18 ಟೈರ್ ಸುಮಾರು 789 ಮಿಲಿಮೀಟರ್ ಎತ್ತರ. 33 ಇಂಚು ಅಂದರೆ 838. ವ್ಯತ್ಯಾಸ 49, ಡಿಫ್‌ಗೆ ಸಿಗುವುದು ಅದರ ಅರ್ಧ, ಒಂದು ಇಂಚಿಗೂ ಕಡಿಮೆ. ಅದಕ್ಕೆ ಬದಲಾಗಿ ನೀವು ಕೊಡುವುದೇನು? ಗೇರಿಂಗ್ ಆರು ಪರ್ಸೆಂಟ್ ಉದ್ದ ಆಗುತ್ತದೆ, ಲೋ ರೇಂಜ್ ಅಷ್ಟರ ಮಟ್ಟಿಗೆ ಲೋ ಆಗಿ ಉಳಿಯುವುದಿಲ್ಲ. ಮೀಟರ್ 100 ತೋರಿಸುವಾಗ ಗಾಡಿ ನಿಜವಾಗಿ 106ರಲ್ಲಿ ಓಡುತ್ತಿರುತ್ತದೆ. ಬ್ರೇಕ್ ಹಿಡಿಯಲು ಜಾಸ್ತಿ ದೂರ ಬೇಕು, ಬೇರಿಂಗ್, ಬಾಲ್ ಜಾಯಿಂಟ್ ಬೇಗ ಸವೆಯುತ್ತವೆ. ಅದೇ 33 ಇಂಚನ್ನು ಜಿಮ್ನಿಗೆ ಹಾಕಿದರೆ ವ್ಯತ್ಯಾಸ ಇಪ್ಪತ್ತು ಪರ್ಸೆಂಟ್ ದಾಟುತ್ತದೆ. ಆ ಪುಟ್ಟ ಎಂಜಿನ್ ಪಾಪ ಏನು ಮಾಡೀತು.

ನನ್ನ ಕಥೆ ಹೇಳುತ್ತೇನೆ ಅಂದೆನಲ್ಲ. ಹಳೆ ಜಿಪ್ಸಿಗೆ ಒಬ್ಬ ಮೇಸ್ತ್ರಿ ಹತ್ತಿರ ಉದ್ದದ ಶ್ಯಾಕಲ್ (ಕಮಾನು ಪಟ್ಟಿಯನ್ನು ಚಾಸಿಗೆ ಹಿಡಿಯುವ ಕೊಂಡಿ) ಹಾಕಿಸಿ ಎತ್ತಿಸಿದ್ದೆ. ಅರ್ಧ ದಿನದ ಕೆಲಸ, ಖರ್ಚೂ ಕಡಿಮೆ, ನೋಡಲು ಏನು ಗತ್ತು ಅಂತೀರಿ. ಮೂರನೇ ದಿನ ಕುಣಿಗಲ್ ರಸ್ತೆಯಲ್ಲಿ ಎಪ್ಪತ್ತರ ವೇಗದಲ್ಲಿ ಹೋಗುವಾಗ ಸೇತುವೆಯ ಜಾಯಿಂಟ್ ಮೇಲೆ ಚಕ್ರ ಹತ್ತಿತು ಅಷ್ಟೇ, ಸ್ಟೇರಿಂಗ್ ಎರಡೂ ಕಡೆ ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳಲು ಶುರು. ಕೈಯಲ್ಲಿ ಹಿಡಿಯಲು ಆಗಲಿಲ್ಲ. ಗಾಡಿ ಪೂರ್ತಿ ನಿಲ್ಲುವವರೆಗೂ ನಿಲ್ಲಲಿಲ್ಲ. ಹಿಂದೆ ಲಾರಿ ಇರಲಿಲ್ಲ, ನನ್ನ ಪುಣ್ಯ. ಶ್ಯಾಕಲ್ ಉದ್ದ ಆದಾಗ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ ಕೋನ ಕೆಟ್ಟಿತ್ತು. ಕ್ಯಾಸ್ಟರ್ ಅಂದರೆ, ಸೈಕಲ್‌ನ ಮುಂದಿನ ಫೋರ್ಕ್ ಓರೆಯಾಗಿ ಇರುತ್ತದಲ್ಲ, ಕೈ ಬಿಟ್ಟರೂ ನೇರ ಹೋಗುವುದು ಆ ಓರೆಯಿಂದಲೇ. ಅದು ಕಡಿಮೆ ಆದರೆ ಚಕ್ರಕ್ಕೆ ನೇರ ನಿಲ್ಲುವ ಬುದ್ಧಿ ಹೋಗುತ್ತದೆ. ಮುಂದೆ ಗಟ್ಟಿ ಆಕ್ಸಲ್ ಇರುವ ಜಿಮ್ನಿಯಲ್ಲೂ ಲಿಫ್ಟ್ ಮಾಡಿ ಕ್ಯಾಸ್ಟರ್ ಸರಿಪಡಿಸದಿದ್ದರೆ ಇದೇ ಅಪಾಯ. ಹೊಸ ಥಾರ್‌ನ ಮುಂಭಾಗ ಇಂಡಿಪೆಂಡೆಂಟ್ ಸಸ್ಪೆನ್ಶನ್ (ಪ್ರತಿ ಚಕ್ರ ಬೇರೆ ಬೇರೆ ಆಡುವಂಥದ್ದು), ಅಲ್ಲಿ ಡ್ರೈವ್ ಶಾಫ್ಟ್‌ನ ಕೋನ ಜಾಸ್ತಿಯಾಗಿ ಅದರ ರಬ್ಬರ್ ಬೂಟ್ ಹರಿಯುತ್ತದೆ, ಜಾಯಿಂಟ್ ಕಟಕಟ ಅನ್ನುತ್ತದೆ. ಮಾಡಿಸಲೇಬೇಕು ಅಂದರೆ ಸ್ಪ್ರಿಂಗ್‌ಗೆ ಸ್ಪೇಸರ್ ಬಿಲ್ಲೆ ತುರುಕುವ ಕೆಲಸ ಬೇಡ. ಸ್ಪ್ರಿಂಗ್, ಶಾಕ್, ಕ್ಯಾಸ್ಟರ್ ಬುಷ್, ಬ್ರೇಕ್ ಹೋಸ್ ಎಲ್ಲಾ ಸೇರಿದ ಪೂರ್ತಿ ಕಿಟ್ ಹಾಕಿಸಿ.

ನಿಮ್ಮ ಹಣ ಮೊದಲು ಹೋಗಬೇಕಾದ್ದು ಟೈರ್‌ಗೆ. ಮೂಲ ಅಳತೆಯಲ್ಲೇ ಒಳ್ಳೆ ಆಲ್ ಟೆರೇನ್ (ರಸ್ತೆಗೂ ಮಣ್ಣಿಗೂ ಆಗುವ) ಟೈರ್ ಹುಡುಕಿ. ಮಡ್ ಟೈರ್ ಕೆಸರಿನಲ್ಲಿ ರಾಜ, ಆದರೆ ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹೊಡೆದಾಗ ಅದರ ನಿಜ ಬಣ್ಣ ಗೊತ್ತಾಗುತ್ತದೆ, ಮೇಲಾಗಿ ಹೈವೇಯಲ್ಲಿ ಹಿಟ್ಟಿನ ಗಿರಣಿಯ ಸದ್ದು. ತಿಂಗಳಿಗೆ ಒಂದು ದಿನದ ಕೆಸರಿಗಾಗಿ ಇಪ್ಪತ್ತೊಂಬತ್ತು ದಿನ ಅದನ್ನು ಯಾಕೆ ಸಹಿಸಬೇಕು?

ಎರಡನೇ ಖರ್ಚು ಒಂದು ಗಾಳಿ ಪಂಪು ಮತ್ತು ಪ್ರೆಶರ್ ಗೇಜ್. ಇಡೀ ಉತ್ತರದಲ್ಲಿ ಒಂದೇ ಮಾತು ನೆನಪಿಡುತ್ತೇನೆ ಅನ್ನುವುದಾದರೆ ಇದನ್ನು ನೆನಪಿಡಿ. ರಸ್ತೆಯಲ್ಲಿ 30 ಪಿಎಸ್‌ಐ ಆಸುಪಾಸು ಇರುವ ಟೈರನ್ನು ಕೆಸರು, ಕಲ್ಲು ಶುರುವಾಗುವ ಮೊದಲು 18ರಿಂದ 20ಕ್ಕೆ ಇಳಿಸಿ. ಟೈರ್ ನೆಲದ ಮೇಲೆ ಚಪಾತಿ ಥರ ಹರಡಿಕೊಳ್ಳುತ್ತದೆ, ಹಿಡಿತದ ಪಟ್ಟಿ ಉದ್ದ ಆಗುತ್ತದೆ, ಕಲ್ಲನ್ನು ಒದೆಯುವ ಬದಲು ಅಪ್ಪಿಕೊಳ್ಳುತ್ತದೆ. ಮರಳಿನಲ್ಲಿ 15ರವರೆಗೂ ಹೋಗಬಹುದು. ಅದಕ್ಕಿಂತ ಕೆಳಗೆ ಇಳಿಸಿ ಜೋರಾಗಿ ತಿರುಗಿಸಿದರೆ ಟೈರ್ ರಿಮ್ ಬಿಟ್ಟು ಬರುತ್ತದೆ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಬೇಕು, ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರ್ ಬಿಸಿಯಾಗಿ ಸಿಡಿಯುತ್ತದೆ. ಪಂಪು ಬೇಕಾಗುವುದು ಅದಕ್ಕೇ. ಒಂದು ಜುಲೈಯಲ್ಲಿ ಸಕಲೇಶಪುರದ ಕಡೆ ಒಂದು ತೋಟದ ಏರಿನಲ್ಲಿ ಲಕ್ಷಗಟ್ಟಲೆ ಸುರಿದ ಗಾಡಿಯೊಂದು ಅರ್ಧ ಗಂಟೆ ಚಕ್ರ ತಿರುಗಿಸಿ ಗುಂಡಿ ತೋಡಿತು. ಹಿಂದೆಯೇ ಬಂದ ಹುಡುಗನೊಬ್ಬ ಟೈರ್‌ನ ಗಾಳಿ ಇಳಿಸಿ ಮಾಮೂಲಿ ಗಾಡಿಯಲ್ಲೇ ಪಕ್ಕದಿಂದ ಹತ್ತಿ ಹೋದ. ಮಲೆನಾಡಿನ ತೋಟದ ಜೀಪ್‌ಗಳು ಮಳೆಗಾಲದಲ್ಲಿ ಚಕ್ರಕ್ಕೆ ಕಬ್ಬಿಣದ ಚೈನ್ ಸುತ್ತಿಕೊಂಡು ಓಡುತ್ತವೆ, ನಿಮ್ಮ ಭಾವನನ್ನು ಕೇಳಿ, ಅವರ ಶೆಡ್ಡಿನಲ್ಲೇ ಒಂದು ಜೊತೆ ಬಿದ್ದಿದ್ದರೂ ಇರಬಹುದು.

ಡಿಫ್ ಲಾಕ್ ಬಗ್ಗೆ ಎರಡು ಮಾತು. ಫೋರ್ ಬೈ ಫೋರ್ ಹಾಕಿದರೆ ನಾಲ್ಕೂ ಚಕ್ರ ಎಳೆಯುತ್ತದೆ ಅಂದುಕೊಂಡಿರುತ್ತೀರಿ. ಹಾಗಲ್ಲ. ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾಗಿಯೇ ಬಲ ಕೊಡುತ್ತದೆ, ಆದರೆ ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ಹೆಚ್ಚು ಕಡಿಮೆ ಸೊನ್ನೆ, ಹಾಗಾಗಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಮುಂದಿನ ಒಂದು, ಹಿಂದಿನ ಒಂದು ಚಕ್ರ ಎದುರು ಬದುರಾಗಿ ಮೇಲೆದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಇದಕ್ಕೆ ಒಂದು ಪರಿಹಾರ ಲಾಕರ್, ಅಂದರೆ ಡಿಫ್ ಲಾಕ್. ಇನ್ನೊಂದು, ಜಿಮ್ನಿಯಲ್ಲೂ ಥಾರ್‌ನಲ್ಲೂ ಬರುವ ಬ್ರೇಕ್ ಸಹಾಯದ ವ್ಯವಸ್ಥೆ, ಸುಮ್ನೆ ತಿರುಗುವ ಚಕ್ರವನ್ನು ಅದೇ ಬ್ರೇಕ್ ಹಿಡಿದು ನಿಲ್ಲಿಸಿ ಬಲವನ್ನು ನೆಲದ ಮೇಲಿರುವ ಚಕ್ರದ ಕಡೆ ಕಳಿಸುತ್ತದೆ. ಹೊಸಬರು ಮಾಡುವ ತಪ್ಪು ಏನೆಂದರೆ, ಚಕ್ರ ತಿರುಗಿದ ತಕ್ಷಣ ಹೆದರಿ ಕಾಲು ತೆಗೆಯುತ್ತಾರೆ. ತೆಗೆಯಬೇಡಿ. ಆಕ್ಸಿಲರೇಟರ್ ಒಂದೇ ಸಮ ಹಿಡಿದು ಎರಡು ಮೂರು ಸೆಕೆಂಡ್ ಕಾಯಿರಿ, ಟರ್ ಟರ್ ಅಂತ ಸದ್ದು ಬರುತ್ತದೆ, ಗಾಡಿ ಮೆಲ್ಲಗೆ ಎದ್ದು ಬರುತ್ತದೆ. ಥಾರ್‌ನ ಕೆಲವು ಡೀಸೆಲ್ ಮಾದರಿಗಳಲ್ಲಿ ಹಿಂದೆ ಮೆಕ್ಯಾನಿಕಲ್ ಲಾಕಿಂಗ್ ಡಿಫ್ ಬಂದಿದೆ, ಸಿಕ್ಕರೆ ಅದನ್ನೇ ತಗೊಳ್ಳಿ. ಹೊರಗಿನಿಂದ ಲಾಕರ್ ಹಾಕಿಸುವುದನ್ನು ಎರಡು ವರ್ಷ ಮುಂದಕ್ಕೆ ಹಾಕಿ.

ಒಣ ಡಾಂಬರಿನ ಮೇಲೆ ಫೋರ್ ಹೈನಲ್ಲಿ ಓಡಿಸಬೇಡಿ, ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗುತ್ತವೆ, ನಡುವೆ ಹೊಂದಿಸಿಕೊಳ್ಳಲು ಏನೂ ಇಲ್ಲದ್ದರಿಂದ ಶಾಫ್ಟು, ಗೇರುಗಳು ತಿರುಚಿಕೊಳ್ಳುತ್ತವೆ. ಗೆಳೆಯರಿಗೆ ತೋರಿಸಲು ಬೇಸ್‌ಮೆಂಟಿನಲ್ಲಿ ಲಿವರ್ ಎಳೆದು ಸುತ್ತು ಹೊಡೆಯುವವರು ಬಹಳ ಜನ.

ವಿಂಚ್? ಬೇಕು, ಆದರೆ ನಿಮಗೆ ಈಗಲ್ಲ. ವಿಂಚ್ ಮತ್ತು ಸ್ಟೀಲ್ ಬಂಪರ್ ಸೇರಿ ಗಾಡಿಯ ಮೂತಿಯ ಮೇಲೆ ಒಬ್ಬ ದೊಡ್ಡ ಮನುಷ್ಯ ಸದಾ ಕೂತ ಹಾಗೆ. ಅದರ ಬದಲು ಒಂದು ಕೈನೆಟಿಕ್ ಹಗ್ಗ (ಎಳೆದಾಗ ಹಿಗ್ಗುವಂಥದ್ದು), ಎರಡು ಸಾಫ್ಟ್ ಶ್ಯಾಕಲ್ (ಹಗ್ಗದ ಕೊಂಡಿ), ಒಂದು ಸಲಿಕೆ, ಒಂದು ಜೊತೆ ದಪ್ಪ ಗ್ಲೌಸ್ ತಗೊಳ್ಳಿ, ಇನ್ನೊಂದು ಗಾಡಿ ಜೊತೆಗಿಲ್ಲದೆ ಹೋಗಬೇಡಿ. ಹಗ್ಗ ಕಟ್ಟುವುದು ಚಾಸಿಗೆ ಬೋಲ್ಟ್ ಆದ ರಿಕವರಿ ಪಾಯಿಂಟಿಗೆ ಮಾತ್ರ. ಟ್ರೇಲರ್ ಎಳೆಯುವ ಕಬ್ಬಿಣದ ಉಂಡೆಗೆ (ಟೋ ಬಾಲ್), ಬಂಪರ್‌ಗೆ, ಲಾರಿಯಲ್ಲಿ ಗಾಡಿ ಕಟ್ಟಿ ಸಾಗಿಸಲು ಕೊಟ್ಟ ಸಣ್ಣ ಕೊಕ್ಕೆಗೆ ಯಾವತ್ತೂ ಕಟ್ಟಬೇಡಿ. ಎಳೆದಾಗ ಅದು ಕಿತ್ತು ಬಂದರೆ ಗುಂಡಿನ ಹಾಗೆ ಹಾರುತ್ತದೆ, ಜನ ಸತ್ತಿದ್ದಾರೆ. ಎಳೆಯುವಾಗ ಮಗಳನ್ನು, ನೋಡಲು ಬಂದವರನ್ನು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಿಸಿ.

ಸ್ನಾರ್ಕೆಲ್ ಎಂಜಿನ್‌ಗೆ ಮೇಲಿನಿಂದ ಗಾಳಿ ಕೊಡುತ್ತದೆ, ಗಾಡಿಗೆ ಈಜು ಕಲಿಸುವುದಿಲ್ಲ. ಡಿಫ್ ಬ್ರೀದರ್ (ಡಿಫ್ ಉಸಿರಾಡುವ ರಂಧ್ರ), ವೈರಿಂಗು, ಬಾಗಿಲ ಸಂದಿ ಎಲ್ಲಾ ಅಲ್ಲೇ ಕೆಳಗೇ ಇರುತ್ತವೆ. 2023ರ ಮೇ ತಿಂಗಳಲ್ಲಿ ನಮ್ಮ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಹುಡುಗಿ ತೀರಿಕೊಂಡಿದ್ದು ನೆನಪಿದೆ ಅಲ್ವಾ. ಎತ್ತರದ ಗಾಡಿ ಇದೆ ಅಂತ ಅಂಥ ನೀರಿಗೆ ಇಳಿಯುವ ಧೈರ್ಯ ಬಂದರೆ ಆ ಸ್ನಾರ್ಕೆಲ್ ಇಲ್ಲದಿರುವುದೇ ವಾಸಿ. ಹಳ್ಳ ದಾಟುವಾಗಲೂ ಮೊದಲು ಕೋಲು ಹಿಡಿದು ನಡೆದು ನೋಡಿ. ನಡೆಯಲು ಆಗದ ಸೆಳೆತ ಇದ್ದರೆ ಗಾಡಿಯೂ ಹೋಗಬಾರದು. ನೀರು ನುಗ್ಗಿ ಎಂಜಿನ್ ಹೋದರೆ ಮಾಮೂಲಿ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಅಂತ ಪ್ರತ್ಯೇಕವಾಗಿ ಸೇರಿಸಬೇಕು.

ಲೈಟ್ ಬಾರ್ ಬೇಡ. ಎದುರಿನಿಂದ ಬರುವವನ ಕಣ್ಣು ಕುರುಡು ಮಾಡಿ ನಿಮಗೇನು ಸಿಗುತ್ತದೆ.

ಕಾನೂನಿನ ವಿಷಯ ಯಾರೂ ಹೇಳುವುದಿಲ್ಲ, ಅಂಗಡಿಯವರಂತೂ ಮೊದಲೇ ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿ ಮಾಡಿತು. ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಕೊನೆಯಲ್ಲೇ ರಾಜ್ಯಗಳಿಗೆ ಬರೆದಿತ್ತು. ಪಟ್ಟಿಯಲ್ಲಿರುವ ಸ್ಟೀಲ್ ಬಂಪರ್, ಹೊರಗೆ ಚಾಚಿದ ಟೈರ್, ಲಿಫ್ಟ್ ಇವೆಲ್ಲ ಪೊಲೀಸರಿಗೆ ಒಂದು ದಿನ, ಇನ್ಶೂರೆನ್ಸ್ ಸರ್ವೇಯರ್‌ಗೆ ಇನ್ನೊಂದು ದಿನ ಕಾಣಿಸುತ್ತದೆ. ಎರಡನೆಯದು ದುಬಾರಿ. ಗಾಡಿ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಎಲ್ಲರೂ ಹಾಕಿಕೊಡುತ್ತಾರೆ, ಕ್ಲೇಮ್ ತಿರಸ್ಕಾರ ಆದಾಗ ಯಾರೂ ಜೊತೆಗೆ ಬರುವುದಿಲ್ಲ. ಇನ್ನೊಂದು, ಮೀಸಲು ಅರಣ್ಯ, ಹುಲ್ಲುಗಾವಲಿನ ಬೆಟ್ಟಗಳ ಮೇಲೆ ಗಾಡಿ ಹತ್ತಿಸಬೇಡಿ. ಕೇಸು ಬೀಳುವುದು ಹಾಗಿರಲಿ, ಆ ಬೆಟ್ಟದ ಹುಲ್ಲಿನ ಮೇಲೆ ಒಂದು ಮಳೆಗಾಲದಲ್ಲಿ ಬಿದ್ದ ಚಕ್ರದ ಗುರುತು ಮುಂದಿನ ಮಳೆಗೆ ಕೊರಕಲು ಆಗುತ್ತದೆ. ನಿಮಗೆ ಭಾವನ ತೋಟ ಇದೆ, ಅದಕ್ಕಿಂತ ಒಳ್ಳೆ ಟ್ರ್ಯಾಕ್ ಬೇಕಾ?

ಆದ್ದರಿಂದ ಆ ನಾಲ್ಕು ಲಕ್ಷದಲ್ಲಿ ಟೈರ್, ಪಂಪು, ಹಗ್ಗ, ಹೊಟ್ಟೆಯ ಕೆಳಗೆ ಒಂದು ಸರಿಯಾದ ಸ್ಕಿಡ್ ಪ್ಲೇಟ್, ಬೆಂಗಳೂರಿನ ಸುತ್ತ ಇರುವ ಖಾಸಗಿ ಟ್ರ್ಯಾಕ್‌ಗಳಲ್ಲಿ ಯಾವುದಾದರೂ ಒಂದರಲ್ಲಿ ಎರಡು ದಿನದ ತರಬೇತಿ. ಉಳಿದದ್ದು ಸ್ಪಿತಿಯ ಡೀಸೆಲ್‌ಗೋ ಪೆಟ್ರೋಲ್‌ಗೋ ಆಗುತ್ತದೆ, ಅಲ್ಲಿಗೆ ಲಿಫ್ಟ್ ಏನೂ ಬೇಕಾಗಿಲ್ಲ, ಬೇಸಿಗೆಯಲ್ಲಿ ಸಣ್ಣ ಕಾರುಗಳೂ ಹೋಗಿ ಬರುತ್ತವೆ. ತರಬೇತಿಗೆ ಹೆಂಡತಿಯನ್ನೂ ಸೇರಿಸಿ. ಕೆಳಗಿಳಿದು ನಿಂತು ಎಡ, ಬಲ, ಸಾಕು ಅಂತ ಕೈ ತೋರಿಸಿ ಗಾಡಿ ದಾಟಿಸುವವರು ಸ್ಟೇರಿಂಗ್ ಹಿಡಿದವರಿಗಿಂತ ಮುಖ್ಯ, ಆ ಕೆಲಸಕ್ಕೆ ನಿಮ್ಮ ಮಾತಿಗೆ ಹೆದರದವರೇ ಬೇಕು.

ಜುಲೈಯಲ್ಲಿ ತೋಟಕ್ಕೆ ಹೋಗಿ. ಗಾಡಿ ಎಲ್ಲಿ ಹೂತುಕೊಂಡಿತು, ಹೊಟ್ಟೆ ತಾಗಿ ನಿಂತಿತಾ, ಚಕ್ರ ಸುಮ್ನೆ ತಿರುಗಿ ನಿಂತಿತಾ, ಗಾಳಿ ಎಷ್ಟಿತ್ತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಅದನ್ನೂ ನಿಮ್ಮ ಗೆಳೆಯರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಆಗ ಲಿಫ್ಟ್ ಬಗ್ಗೆ ಮಾತಾಡೋಣ.